ಪ್ರೋಗ್ರಾಮಿಂಗ್ ಭಾಷೆಗಳು: ಬರಹವಿಲ್ಲದ ಕೋಡ್ ಪ್ರಸ್ತಾವವಾಗದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವೊಂದರಲ್ಲಿ, ಪ್ರೋಗ್ರಾಮಿಂಗ್ ಭಾಷೆಗಳಿಗೆ ಹೊಸ ಸೌಲಭ್ಯ ಸೇರಿಸುವ ಈಗಿನ ಪದ್ಧತಿ ತೀರ ನಿಧಾನವಾದದ್ದೆಂದೂ, ಪುಟಗಟ್ಟಲೆ ಪ್ರಸ್ತಾವ ಬರೆದು ವರ್ಷಗಟ್ಟಲೆ ಚರ್ಚಿಸುವ ಬದಲು ಓಡುವ ಕೋಡ್ ತಂದು ತೋರಿಸಿದವರ ಮಾತನ್ನು ಒಪ್ಪಿಬಿಡಬೇಕೆಂದೂ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೋಡ್ ಬರೆಯುವುದು ಸಲೀಸಾಗಿರುವ ಈ ಕಾಲದಲ್ಲಿ ಲಿಖಿತ ಸ್ಪೆಸಿಫಿಕೇಶನ್ (ಸೌಲಭ್ಯ ಹೇಗೆ ನಡೆದುಕೊಳ್ಳಬೇಕೆಂಬ ನಿಯಮಗಳ ಬರಹ) ಎಂಬ ಹಂತವೇ ಅನಗತ್ಯವೆಂದೂ ವಾದಿಸಲಾಗಿತ್ತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಹುಕಾಲ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಬದಲಿಸುವ ತಂತ್ರಾಂಶ) ವಿಷಯವನ್ನು ಬೋಧಿಸಿದವನಾಗಿ, ಈ ವಾದದ ಅರ್ಧ ಭಾಗವನ್ನು ನಾನು ಒಪ್ಪುತ್ತೇನೆ. ಉಳಿದರ್ಧವನ್ನು ಏಕೆ ಒಪ್ಪಲಾಗದು ಎಂಬುದನ್ನು ತಿಳಿಸಲು ಈ ಪತ್ರ. ಸ್ವಲ್ಪ ದೀರ್ಘವಾದರೆ ಕ್ಷಮಿಸಬೇಕು.

ಲೇಖನ ತನ್ನ ಬೆಂಬಲಕ್ಕೆ ಕರೆದದ್ದು ಇಂಟರ್‌ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯನ್ನು. ರಾಜರು, ಅಧ್ಯಕ್ಷರು, ಮತದಾನ ಯಾವುದನ್ನೂ ಒಪ್ಪದೆ, ಸ್ಥೂಲವಾದ ಒಮ್ಮತವನ್ನೂ ಓಡುವ ಕೋಡನ್ನೂ ಮಾತ್ರ ನಂಬುತ್ತೇವೆ ಎಂಬ ಅರ್ಥದ ಮಾತನ್ನು ಇಂಟರ್‌ನೆಟ್ಟಿನ ರೂಪಶಿಲ್ಪಿಗಳಲ್ಲೊಬ್ಬರಾದ ಡೇವಿಡ್ ಕ್ಲಾರ್ಕ್ 1992ರಲ್ಲಿ ಆಡಿದ್ದು ನಿಜ, ಅದು ಆ ಸಂಸ್ಥೆಯ ಘೋಷವಾಕ್ಯದಂತೆ ಉಳಿದಿರುವುದೂ ನಿಜ. ಆದರೆ ಅದೇ ಸಂಸ್ಥೆ ತನ್ನ ಪ್ರತಿಯೊಂದು ಮಾನಕವನ್ನೂ ಆರ್‌ಎಫ್‌ಸಿ ಎಂಬ ಕ್ರಮಾಂಕಿತ ದಾಖಲೆಯಾಗಿ ಬರೆದೇ ಹೊರತರುತ್ತದೆ. 1996ರಲ್ಲಿ ಅದು ಪ್ರಕಟಿಸಿದ ಕಾರ್ಯವಿಧಾನದ ಪ್ರಕಾರ, ಒಂದು ನಿಯಮ ಪ್ರಾಥಮಿಕ ಹಂತದಿಂದ ಮೇಲಿನ ಹಂತಕ್ಕೆ ಏರಬೇಕಾದರೆ ಅದನ್ನು ಕನಿಷ್ಠ ಎರಡು ಕಡೆ, ಪರಸ್ಪರ ಸಂಬಂಧವಿಲ್ಲದ ಕೋಡ್‌ಗಳಲ್ಲಿ ಅಳವಡಿಸಿರಬೇಕಿತ್ತು ಮತ್ತು ಆ ಎರಡೂ ಒಂದರೊಡನೊಂದು ಸರಿಯಾಗಿ ವ್ಯವಹರಿಸಬೇಕಿತ್ತು. ಎರಡು ತಂಡಗಳು ಒಂದೇ ಬರಹವನ್ನು ಬೇರೆಬೇರೆಯಾಗಿ ಓದಿ ಬರೆದ ಕೋಡ್ ಪರಸ್ಪರ ಹೊಂದಿಕೊಂಡರೆ ಬರಹದಲ್ಲಿ ಅಸ್ಪಷ್ಟತೆ ಉಳಿದಿಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಅಂದರೆ ಅಲ್ಲಿ ಓಡುವ ಕೋಡ್ ಪರೀಕ್ಷಿಸುತ್ತಿದ್ದದ್ದು ಬರಹವನ್ನು. ಬರಹವೇ ಇಲ್ಲದಿದ್ದರೆ ಪರೀಕ್ಷೆಗೆ ಒಳಪಡುವುದು ಏನು ಎಂಬ ಪ್ರಶ್ನೆಯನ್ನು ಲೇಖಕರು ಕೇಳಿಕೊಂಡಂತಿಲ್ಲ.

ಬರಹವನ್ನಷ್ಟೇ ನಂಬಿ ಕೆಟ್ಟ ಪ್ರಸಂಗಗಳನ್ನು ನಾನು ಮುಚ್ಚಿಡಲಾರೆ. ಸಿ++ ಭಾಷೆಯ 1998ರ ಮೊದಲ ಅಂತರರಾಷ್ಟ್ರೀಯ ಮಾನಕದಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಸೌಲಭ್ಯವೊಂದಿತ್ತು. ಟೆಂಪ್ಲೇಟ್‌ಗಳ (ಹಲವು ಬಗೆಯ ದತ್ತಾಂಶಕ್ಕೆ ಹೊಂದುವ ಕೋಡ್ ಅಚ್ಚುಗಳ) ಒಡಲನ್ನು, ಹಲವು ಕಡತಗಳು ಹಂಚಿಕೊಳ್ಳುವ ಹೆಡರ್ ಕಡತಗಳಲ್ಲಿ ತುರುಕದೆ ಪ್ರತ್ಯೇಕ ಕಡತದಲ್ಲಿಟ್ಟು ಬೇರೆಯಾಗಿ ಕಂಪೈಲ್ ಮಾಡಬಹುದೆಂಬುದು ಅದರ ಆಶ್ವಾಸನೆ. ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟಾಗ ಅದನ್ನು ಪೂರ್ಣವಾಗಿ ಅಳವಡಿಸಿದ ಒಂದೇ ಒಂದು ಕಂಪೈಲರ್ ಇರಲಿಲ್ಲ. ವರ್ಷಗಳ ನಂತರ ಎಡಿಸನ್ ಡಿಸೈನ್ ಗ್ರೂಪ್ ಎಂಬ ಸಣ್ಣದಾದರೂ ಅಪಾರ ನೈಪುಣ್ಯದ ತಂಡ ಅದನ್ನು ಸಾಧಿಸಿತು. ಅದಕ್ಕೆ ತಗುಲಿದ ಶ್ರಮ, ಅದೇ ತಂಡ ಜಾವಾ ಭಾಷೆಯನ್ನು ಇಡಿಯಾಗಿ ಅಳವಡಿಸಲು ಪಟ್ಟ ಶ್ರಮಕ್ಕಿಂತ ಹೆಚ್ಚಿನದು. ಇಷ್ಟಾಗಿಯೂ ನಿರೀಕ್ಷಿಸಿದ ಲಾಭಗಳು ಕೈಗೂಡಲಿಲ್ಲ. ಆ ತಂಡದ ಅನುಭವವನ್ನು ಆಧರಿಸಿ 2003ರಲ್ಲಿ ಸಮಿತಿಯ ಸದಸ್ಯರಾದ ಹರ್ಬ್ ಸಟರ್ ಮತ್ತು ಟಾಮ್ ಪ್ಲಮ್ ಅದನ್ನು ಕೈಬಿಡಬೇಕೆಂದು ಸಮಿತಿಗೆ ಬರೆದುಕೊಟ್ಟರು. 2011ರ ಮಾನಕದಲ್ಲಿ ಅದು ಮಾಯವಾಯಿತು. ಜಾವಾಸ್ಕ್ರಿಪ್ಟ್‌ನ 2015ರ ಮಾನಕದಲ್ಲಿ ಸೇರಿದ ‘ಟೇಲ್ ಕಾಲ್’ ನಿಯಮದ (ಒಂದು ಫಂಕ್ಷನ್ ತನ್ನ ಕೊನೆಯ ಕೆಲಸವಾಗಿ ಇನ್ನೊಂದನ್ನು ಕರೆದಾಗ ಹೆಚ್ಚುವರಿ ಮೆಮೊರಿ ಬಳಸಕೂಡದೆಂಬ ನಿಯಮ) ಪಾಡು ಇದಕ್ಕಿಂತ ಉತ್ತಮವೇನಲ್ಲ. ಮಾನಕದಲ್ಲಿ ಅದು ಕಡ್ಡಾಯ. ಪ್ರಮುಖ ಬ್ರೌಸರ್‌ಗಳಲ್ಲಿ ಸಫಾರಿಯೊಂದನ್ನು ಬಿಟ್ಟರೆ ಯಾವುದೂ ಅದನ್ನು ಪಾಲಿಸುವುದಿಲ್ಲ. ಹೀಗಾಗಿ, ಓಡುವ ಕೋಡ್ ಇಲ್ಲದ ಯಾವ ಸೌಲಭ್ಯಕ್ಕೂ ಅಂತಿಮ ಮುದ್ರೆ ಬೀಳಕೂಡದು ಎಂಬಲ್ಲಿಯವರೆಗೆ ಲೇಖಕರ ಜೊತೆಗೆ ನಾನೂ ಇದ್ದೇನೆ.

ಅಲ್ಲಿಂದ ಮುಂದೆ ನಮ್ಮ ದಾರಿ ಬೇರೆ. ಒಂದು ಕೋಡ್ ಓಡಿದಾಗ, ಆ ದಿನ, ಆ ಯಂತ್ರದಲ್ಲಿ, ಕೊಟ್ಟ ದತ್ತಾಂಶಕ್ಕೆ ಏನಾಯಿತು ಎಂಬುದಷ್ಟೇ ಗೊತ್ತಾಗುತ್ತದೆ. ಹಾಗೆ ಆದದ್ದು ಭಾಷೆ ಕೊಟ್ಟ ಮಾತೋ, ಆಕಸ್ಮಿಕವೋ, ದೋಷವೋ ಎಂಬುದು ಕೋಡ್ ನೋಡಿದರೆ ಗೊತ್ತಾಗುವುದಿಲ್ಲ. ಈ ಮೂರನ್ನು ಬೇರ್ಪಡಿಸುವುದಕ್ಕೆ ಎಲ್ಲೋ ಒಂದು ಕಡೆ ಉದ್ದೇಶ ಬರೆದಿರಬೇಕು.

ಪೈಥಾನ್‌ನ ಡಿಕ್ಷನರಿಯನ್ನೇ (ಕೀಲಿ ಮತ್ತು ಬೆಲೆಗಳ ಜೋಡಿಗಳನ್ನಿಡುವ ಸಂಗ್ರಹ) ತೆಗೆದುಕೊಳ್ಳೋಣ. 2016ರಲ್ಲಿ ಬಂದ 3.6ನೇ ಆವೃತ್ತಿಯಲ್ಲಿ, ಮೆಮೊರಿ ಉಳಿಸುವ ಸಲುವಾಗಿ ಅದರ ಒಳರಚನೆಯನ್ನು ಬದಲಿಸಿದಾಗ, ಕೀಲಿಗಳು ಸೇರಿಸಿದ ಕ್ರಮದಲ್ಲೇ ಹೊರಬರತೊಡಗಿದವು. ಯಾರೂ ಅದನ್ನು ಗುರಿಯಾಗಿಟ್ಟುಕೊಂಡಿರಲಿಲ್ಲ. ಅದು ಒಳರಚನೆಯ ಉಪಫಲ. ಇದು ಅಳವಡಿಕೆಯ ವಿವರ ಮಾತ್ರ, ಇದನ್ನು ನೆಚ್ಚಬೇಡಿ ಎಂದು ಅಂದಿನ ದಾಖಲೆಗಳು ಸ್ಪಷ್ಟವಾಗಿ ಎಚ್ಚರಿಸಿದ್ದವು. 2017ರ ಕೊನೆಯಲ್ಲಿ ಆ ಕ್ರಮವನ್ನು ಭಾಷೆಯ ನಿಯಮವನ್ನಾಗಿಯೇ ಮಾಡಲು ಪೈಥಾನ್ ಭಾಷೆಯ ಜನಕ ಗೈಡೋ ವಾನ್ ರೋಸಮ್ ತೀರ್ಮಾನಿಸಿದರು; 3.7ನೇ ಆವೃತ್ತಿಯಿಂದ ಅದು ನಿಯಮ. ಎರಡೂ ಆವೃತ್ತಿಗಳಲ್ಲಿ ಡಿಕ್ಷನರಿ ನಡೆದುಕೊಳ್ಳುವ ರೀತಿ ಒಂದೇ. ಬದಲಾದದ್ದು ಒಂದು ವಾಕ್ಯ ಮಾತ್ರ. ಆದರೆ ಆ ವಾಕ್ಯ ಬಂದ ಮೇಲೆ, ಪೈಥಾನ್‌ನ ಬೇರೊಂದು ಅಳವಡಿಕೆಯನ್ನು ಬರೆಯುವ ತಂಡಕ್ಕೆ ಕ್ರಮ ಕಾಪಾಡುವುದು ಕರ್ತವ್ಯವಾಯಿತು, ಸಾಮಾನ್ಯ ಪ್ರೋಗ್ರಾಮರ್‌ಗೆ ಅದನ್ನು ನೆಚ್ಚುವ ಹಕ್ಕು ಸಿಕ್ಕಿತು. ಭೂಸುಧಾರಣೆಯ ಕಾಲದ ‘ಉಳುವವನೇ ಹೊಲದೊಡೆಯ’ ಎಂಬ ಮಾತು ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಆದರೂ ಉಳುತ್ತಿದ್ದವನ ಒಡೆತನ ಗಟ್ಟಿಯಾದದ್ದು ಭೂನ್ಯಾಯಮಂಡಳಿಯ ಆದೇಶ ಬಂದು ಪಹಣಿಯಲ್ಲಿ ಹೆಸರು ಏರಿದ ಮೇಲೆಯೇ.

ಇದಕ್ಕಿಂತ ಗಂಭೀರವಾದದ್ದು ಜಾವಾದ ಮೆಮೊರಿ ಮಾದರಿಯ ಕಥೆ. ಒಂದು ಪ್ರೋಗ್ರಾಮಿನ ಹಲವು ಥ್ರೆಡ್‌ಗಳು (ಕೆಲಸದ ಪ್ರತ್ಯೇಕ ಎಳೆಗಳು) ಏಕಕಾಲಕ್ಕೆ ಓಡುವಾಗ ಒಂದು ಬರೆದದ್ದು ಇನ್ನೊಂದಕ್ಕೆ ಯಾವಾಗ ಕಾಣಬೇಕು ಎಂಬುದನ್ನು ನಿರ್ಧರಿಸುವ ನಿಯಮಗಳು ಜಾವಾದ ಮೊದಲ ಸ್ಪೆಸಿಫಿಕೇಶನ್ನಿನಲ್ಲಿಯೇ ಇದ್ದವು. ಅಷ್ಟು ಮಾತ್ರದ ಧೈರ್ಯ ಅಂದಿನ ಬಹುತೇಕ ಭಾಷೆಗಳಿಗೆ ಇರಲಿಲ್ಲ ಎಂಬುದನ್ನು ಹೇಳಲೇಬೇಕು. ಆದರೆ ಆ ನಿಯಮಗಳು ತಪ್ಪಾಗಿದ್ದವು. ಕಂಪೈಲರ್‌ಗಳು ಸಹಜವಾಗಿ ಮಾಡುವ ಸುಧಾರಣೆಗಳನ್ನು ಅವು ಒಂದೆಡೆ ನಿಷೇಧಿಸುತ್ತಿದ್ದವು. ಇನ್ನೊಂದೆಡೆ, ಎಂದೂ ಬದಲಾಗದೆಂದು ಎಲ್ಲರೂ ನಂಬಿದ್ದ ಸ್ಟ್ರಿಂಗ್‌ನ (ಅಕ್ಷರಗಳ ಸಾಲಿನ) ಬೆಲೆ ಬೇರೊಂದು ಥ್ರೆಡ್ಡಿಗೆ ಬದಲಾದಂತೆ ಕಾಣಲು ಅವಕಾಶ ಕೊಡುತ್ತಿದ್ದವು. ‘/ಯುಎಸ್‌ಆರ್/ಟಿಎಂಪಿ’ ಎಂಬ ಹಾದಿಯಿಂದ ಕತ್ತರಿಸಿ ತೆಗೆದ ‘/ಟಿಎಂಪಿ’ ಎಂಬ ತುಣುಕು, ಇನ್ನೊಂದು ಥ್ರೆಡ್ಡಿಗೆ ಮೊದಲು ‘/ಯುಎಸ್‌ಆರ್’ ಎಂದೂ ಮರುಕ್ಷಣ ‘/ಟಿಎಂಪಿ’ ಎಂದೂ ಕಾಣುವುದು ಆ ನಿಯಮಗಳಡಿ ಸಾಧ್ಯವಿತ್ತು. ಕಡತಗಳ ಅನುಮತಿಯನ್ನು ಪರಿಶೀಲಿಸುವ ಪ್ರೋಗ್ರಾಮಿನಲ್ಲಿ ಇದರ ಪರಿಣಾಮ ಏನಾದೀತೆಂದು ಓದುಗರೇ ಊಹಿಸಬಹುದು.

ಇಲ್ಲಿ ನಾವು ಗಮನಿಸಬೇಕಾದದ್ದು ಅದು ಬೆಳಕಿಗೆ ಬಂದ ಬಗೆ. ಅಂದಿನ ಬಹುತೇಕ ಯಂತ್ರಗಳಲ್ಲಿ ಬಹುತೇಕ ಪ್ರೋಗ್ರಾಮುಗಳು ತೊಂದರೆಯಿಲ್ಲದೆ ಓಡುತ್ತಿದ್ದವು. ಥ್ರೆಡ್‌ಗಳು ಒಂದಕ್ಕೊಂದು ಕಾಯುವುದನ್ನು ತಗ್ಗಿಸುವ, ಆದರೆ ಆ ನಿಯಮಗಳಡಿ ಸುರಕ್ಷಿತವಲ್ಲದ ‘ಡಬಲ್ ಚೆಕ್ಡ್ ಲಾಕಿಂಗ್’ ಎಂಬ ತಂತ್ರವನ್ನು ಅನುಭವಿಗಳೇ ಹೇಳಿಕೊಡುತ್ತಿದ್ದರು, ಅದೂ ಓಡುತ್ತಿತ್ತು. 1990ರ ದಶಕದ ಕೊನೆಯಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿಲಿಯಂ ಪಿಯು ಆ ನಿಯಮಗಳನ್ನು ಅಕ್ಷರಶಃ ಓದಿ, ಅವುಗಳಿಂದ ಏನೇನು ಹೊರಡುತ್ತದೆ ಎಂದು ತರ್ಕಿಸಿ, ಮಾದರಿಯೇ ಕೆಟ್ಟಿದೆಯೆಂದು ತೋರಿಸಿದರು. ಹಲವು ವರ್ಷಗಳ ಸಾಮೂಹಿಕ ಪರಿಶ್ರಮದ ನಂತರ 2004ರಲ್ಲಿ ಜಾವಾ 5ರೊಂದಿಗೆ ಹೊಸ ಮಾದರಿ ಜಾರಿಗೆ ಬಂತು. ತಪ್ಪು ನಿಯಮವಾದರೂ ಬರಹದಲ್ಲಿ ಇದ್ದುದರಿಂದ ಅದರ ತಪ್ಪನ್ನು ಕೂತು ಓದಿ ಕಂಡುಹಿಡಿಯಲು ಸಾಧ್ಯವಾಯಿತು. ನಿಯಮ ಕೋಡ್‌ನೊಳಗೆ ಮಾತ್ರ ಅಡಗಿದ್ದಿದ್ದರೆ, ಪ್ರೊಸೆಸರ್‌ಗಳ ಒಂದೊಂದು ಹೊಸ ತಲೆಮಾರು ಬಂದಾಗಲೂ ಒಂದೊಂದು ನಿಗೂಢ ವೈಫಲ್ಯವಾಗಿ ಅದು ಹೊರಬರುತ್ತಿತ್ತು. ಯಾವ ಪರೀಕ್ಷೆಯೂ ಅದನ್ನು ಖಚಿತವಾಗಿ ಹಿಡಿಯುತ್ತಿರಲಿಲ್ಲ, ಏಕೆಂದರೆ ಥ್ರೆಡ್‌ಗಳ ದೋಷಗಳು ಕೋಟಿಗೊಮ್ಮೆ ಕಾಣಿಸಿಕೊಂಡು ಮರೆಯಾಗುವ ಜಾತಿಯವು.

ಇನ್ನು ಕನ್ನಡಿಗರಿಗೆ ನೇರವಾಗಿ ತಟ್ಟುವ ಒಂದು ವಿಷಯವನ್ನು ಹೇಳುತ್ತೇನೆ. ಗೂಗಲ್‌ನಲ್ಲಿ ಹುಟ್ಟಿ 2009ರಲ್ಲಿ ಹೊರಬಂದ ಗೋ ಭಾಷೆಯಲ್ಲಿ ಚರಾಂಶಗಳಿಗೆ ಕನ್ನಡದಲ್ಲಿ ಹೆಸರಿಡಲು ಹೋದರೆ ವಿಚಿತ್ರವೊಂದು ಎದುರಾಗುತ್ತದೆ. ‘ದರ’ ಎಂಬ ಹೆಸರನ್ನು ಕಂಪೈಲರ್ ಒಪ್ಪುತ್ತದೆ, ‘ಬೆಲೆ’ ಎಂಬುದನ್ನು ಒಪ್ಪುವುದಿಲ್ಲ. ‘ನಗರ’ ನಡೆಯುತ್ತದೆ, ‘ಊರು’ ನಡೆಯುವುದಿಲ್ಲ. ಕೋಡ್ ಒಂದನ್ನೇ ಮುಂದಿಟ್ಟುಕೊಂಡ ವಿದ್ಯಾರ್ಥಿ ಇದನ್ನು ಕಂಪೈಲರ್‌ನ ದೋಷವೆಂದು ತಿಳಿಯುವುದು ಸಹಜ. ಆದರೆ ಗೋ ಭಾಷೆಯ ಸ್ಪೆಸಿಫಿಕೇಶನ್ ತೆರೆದರೆ ಕಾರಣ ಒಂದೆರಡು ಸಾಲಿನಲ್ಲಿ ಸಿಗುತ್ತದೆ: ಹೆಸರಿನಲ್ಲಿ ಅಡಿಗೆರೆಯನ್ನು ಬಿಟ್ಟರೆ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಮಾನಕ) ‘ಅಕ್ಷರ’ ಮತ್ತು ‘ಅಂಕಿ’ ಎಂದು ವರ್ಗೀಕರಿಸಿದ ಸಂಕೇತಗಳು ಮಾತ್ರ ಬರಬಹುದು. ಯೂನಿಕೋಡ್‌ನಲ್ಲಿ ನಮ್ಮ ಸ್ವರಗಳೂ ವ್ಯಂಜನಗಳೂ ‘ಅಕ್ಷರ’ ವರ್ಗಕ್ಕೆ ಸೇರಿದರೆ, ಎತ್ವ, ಕೊಂಬು ಮೊದಲಾದ ಸ್ವರಚಿಹ್ನೆಗಳು, ಅನುಸ್ವಾರ, ಒತ್ತಕ್ಷರಕ್ಕೆ ಬೇಕಾದ ವಿರಾಮ ಇವೆಲ್ಲ ‘ಚಿಹ್ನೆ’ ಎಂಬ ಬೇರೆ ವರ್ಗದವು. ‘ಕನ್ನಡ’ ಎಂಬ ಹೆಸರೇ ಅದರ ನಡುವಿನ ವಿರಾಮದ ದೆಸೆಯಿಂದ ಗೋ ಭಾಷೆಯಲ್ಲಿ ಅನರ್ಹ. ಇದು ಉದ್ದೇಶಪೂರ್ವಕವಾಗಿ ಇಟ್ಟ ಮಿತಿಯೆಂದೂ, ಇದರಿಂದ ದೇವನಾಗರಿಯಂಥ ಬರಹಗಳು ಹೊರಗುಳಿಯುತ್ತವೆಂದೂ ಗೋ ತಂಡ ತನ್ನ ಪ್ರಶ್ನೋತ್ತರ ದಾಖಲೆಯಲ್ಲಿ ಒಪ್ಪಿಕೊಂಡಿದೆ. ಇದರ ಮೇಲೆ ಇನ್ನೊಂದು ತೊಡಕು: ಒಂದು ಪ್ಯಾಕೇಜಿನ (ಕೋಡ್ ಕಟ್ಟಿನ) ಒಳಗಿನ ಹೆಸರು ಹೊರಗಿನವರಿಗೆ ಕಾಣಬೇಕಾದರೆ ಅದು ದೊಡ್ಡಕ್ಷರದಿಂದ ಆರಂಭವಾಗಬೇಕು. ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲದ ಕನ್ನಡಕ್ಕೆ ಇದನ್ನು ಪಾಲಿಸುವ ದಾರಿಯೇ ಇಲ್ಲ. ಮುಂದೆ ಒಂದು ರೋಮನ್ ದೊಡ್ಡಕ್ಷರ ಅಂಟಿಸಬೇಕು. ಈ ಪರಿಹಾರ ತೃಪ್ತಿಕರವಲ್ಲವೆಂದು ಅದೇ ದಾಖಲೆ ಹೇಳುತ್ತದೆ.

ನಿಯಮ ನನಗೆ ಇಷ್ಟವಾಗಲಿಲ್ಲ, ಆದರೆ ಅದನ್ನು ಬರೆದಿಟ್ಟ ಕ್ರಮ ಇಷ್ಟವಾಯಿತು. ಕಂಪೈಲರ್‌ನ ಒಳಹೊಕ್ಕು ತಿದ್ದಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಆದರೆ ಆ ಒಂದೆರಡು ಸಾಲನ್ನು ಓದಿ, ಇದು ನಮ್ಮ ಬರಹವನ್ನು ಹೊರಗಿಡುತ್ತದೆ ಎಂದು ಎತ್ತಿ ತೋರಿಸಲು ಕನ್ನಡ ಕಾಗುಣಿತ ಬಲ್ಲ ಯಾವ ವಿದ್ಯಾರ್ಥಿಗಾದರೂ ಸಾಧ್ಯ. ಪೈಥಾನ್ 3ರಲ್ಲಿ ಕನ್ನಡದ ಹೆಸರುಗಳು ಸ್ವರಚಿಹ್ನೆ ಸಮೇತ ನಡೆಯುವುದು 2007ರಲ್ಲಿ ಬರೆದ ಒಂದು ಪ್ರಸ್ತಾವದ ಫಲ. ಚಿಹ್ನೆಗಳನ್ನೂ ಒಳಗೊಳ್ಳುವ ಯೂನಿಕೋಡ್‌ನ ಬೇರೊಂದು ವರ್ಗೀಕರಣವನ್ನು ಆ ಪ್ರಸ್ತಾವ ಆಯ್ದುಕೊಂಡಿತು. ಅಲ್ಲಿಯೂ ಬಹುಕಾಲ ಕೊರತೆ ಉಳಿದಿತ್ತು: ‘ಸಾಫ್ಟ್‌ವೇರ್’ ಎಂದು ಸರಿಯಾಗಿ ಮೂಡಿಸಲು ನಾವು ನಡುವೆ ಹಾಕುವ ಕಣ್ಣಿಗೆ ಕಾಣದ ಸಂಕೇತವನ್ನು ಪೈಥಾನ್ ಹೆಸರಿನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಜಾವಾಸ್ಕ್ರಿಪ್ಟ್‌ನ ಮಾನಕ ಮಾತ್ರ ಆ ಸಂಕೇತವನ್ನೂ ಅದರ ಜೋಡಿಯನ್ನೂ ಹೆಸರಿಸಿಯೇ ಅನುಮತಿಸಿತ್ತು. ಮೂರು ಭಾಷೆ, ಮೂರು ನಿರ್ಣಯ. ಮೂರನ್ನೂ ಒಂದು ಗಂಟೆಯಲ್ಲಿ ಓದಿ ಹೋಲಿಸಬಹುದು. ಕೋಡ್ ಮಾತ್ರ ಇದ್ದಿದ್ದರೆ ಸಾವಿರಾರು ಹೆಸರುಗಳನ್ನು ಓಡಿಸಿ ನೋಡಿ ನಿಯಮವನ್ನು ಊಹಿಸಬೇಕಾಗುತ್ತಿತ್ತು, ಊಹೆ ಸರಿಯೇ ಎಂದು ಕೇಳಲು ಯಾರೂ ಇರುತ್ತಿರಲಿಲ್ಲ.

ಅದೇ ಗೋ ಭಾಷೆಗೆ ಜೆನೆರಿಕ್ಸ್ (ಒಂದೇ ಕೋಡನ್ನು ಹಲವು ಬಗೆಯ ದತ್ತಾಂಶಕ್ಕೆ ಬಳಸುವ ಸೌಲಭ್ಯ) ಸೇರಿದ ಚರಿತ್ರೆ, ಬರಹದಿಂದ ಬರುವ ಇನ್ನೊಂದು ಲಾಭಕ್ಕೆ ನಿದರ್ಶನ. ಆ ತಂಡದ ಇಯಾನ್ ಲಾನ್ಸ್ ಟೇಲರ್ 2010ರಿಂದ 2013ರ ನಡುವೆ ನಾಲ್ಕು ವಿನ್ಯಾಸಗಳನ್ನು ಬರೆದರು. ಒಂದೂ ಅಂಗೀಕೃತವಾಗಲಿಲ್ಲ. 2018ರಲ್ಲಿ ‘ಕಾಂಟ್ರಾಕ್ಟ್’ಗಳನ್ನು ಆಧರಿಸಿದ ಕರಡು ಬಂತು, ಆಮೇಲೆ ಅದನ್ನೂ ಬದಿಗಿಟ್ಟರು. 2020ರಲ್ಲಿ ಹೊಸ ಕರಡಿನ ಜೊತೆಗೆ, ಅದನ್ನು ಪ್ರಯೋಗಿಸಿ ನೋಡಲು ಅನುಕೂಲವಾಗುವ ಅನುವಾದಕ ತಂತ್ರಾಂಶವನ್ನೂ ಬಿಡುಗಡೆ ಮಾಡಿದರು. 2022ರ ಮಾರ್ಚ್‌ನಲ್ಲಿ 1.18ನೇ ಆವೃತ್ತಿಯಲ್ಲಿ ಜೆನೆರಿಕ್ಸ್ ಬಂತು. ಹನ್ನೆರಡು ವರ್ಷಗಳೆಂದರೆ ಲೇಖಕರಿಗೆ ಸಿಟ್ಟು ಬರಬಹುದು. ಆದರೆ ಕರಡನ್ನು ಎಸೆಯುವುದು ಅಗ್ಗ, ಕೋಡನ್ನು ಎಸೆಯುವುದು ದುಬಾರಿ. ಒಮ್ಮೆ ಓಡತೊಡಗಿದ ಕೋಡ್‌ಗೆ ಬಳಕೆದಾರರು ಹುಟ್ಟಿಕೊಳ್ಳುತ್ತಾರೆ, ಅದನ್ನು ಬರೆದವರಿಗೆ ಅದರ ಮೇಲೆ ಮಮತೆ ಬೆಳೆಯುತ್ತದೆ, ಆಮೇಲೆ ನಡೆಯುವ ಚರ್ಚೆಯಲ್ಲಿ ‘ಈಗ ಬದಲಿಸಿದರೆ ಕಷ್ಟ’ ಎಂಬ ಒಂದೇ ಮಾತು ಬೇರೆಲ್ಲ ಮಾತುಗಳನ್ನು ಸೋಲಿಸಿಬಿಡುತ್ತದೆ.

ಬರಹ ಕಾಣಲಾರದ್ದನ್ನು ಕೋಡ್ ಕಾಣಿಸುತ್ತದೆ ಎಂಬುದಕ್ಕೂ ಪುರಾವೆಗಳು ಧಾರಾಳವಾಗಿವೆ. ರಸ್ಟ್ ಭಾಷೆಯ ‘ಸ್ಪೆಷಲೈಸೇಶನ್’ (ಸಾಮಾನ್ಯ ಕೋಡ್‌ಗೆ ನಿರ್ದಿಷ್ಟ ಬಗೆಯ ದತ್ತಾಂಶಕ್ಕಾಗಿ ವಿಶೇಷ ರೂಪ ಕೊಡುವ ಸೌಲಭ್ಯ) ಪ್ರಸ್ತಾವ 2016ರಲ್ಲೇ ಅಂಗೀಕಾರವಾಯಿತು, ಆದರೆ ಅಳವಡಿಸುವಾಗ ಲೈಫ್‌ಟೈಮ್‌ಗಳ (ಒಂದು ಉಲ್ಲೇಖ ಎಷ್ಟು ಕಾಲ ಸಿಂಧು ಎಂಬ ಲೆಕ್ಕದ) ವಿಷಯದಲ್ಲಿ ಭಾಷೆಯ ಸುರಕ್ಷತೆಯನ್ನೇ ಮುರಿಯುವ ಬಿರುಕು ಕಂಡದ್ದರಿಂದ ಇಂದಿಗೂ ಪ್ರಾಯೋಗಿಕ ಹಂತದಲ್ಲೇ ಉಳಿದಿದೆ. ಜಾವಾಸ್ಕ್ರಿಪ್ಟ್‌ನಲ್ಲಿ 2018ರಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ಸರಣಿಯೊಳಗಿನ ಸರಣಿಗಳನ್ನು ಬಿಡಿಸುವ ಸೌಲಭ್ಯಕ್ಕೆ ‘ಫ್ಲಾಟನ್’ ಎಂದು ಹೆಸರಿಟ್ಟಿದ್ದರು. ಬರಹದಲ್ಲಿ ಯಾವ ಕೊರತೆಯೂ ಇರಲಿಲ್ಲ. ಫೈರ್‌ಫಾಕ್ಸ್‌ನ ಪ್ರಾಯೋಗಿಕ ಆವೃತ್ತಿಯಲ್ಲಿ ಅದನ್ನು ಸೇರಿಸಿದೊಡನೆ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿಯನ್ನು ಬಳಸುತ್ತಿದ್ದ ಜಾಲತಾಣವೊಂದು ಮುರಿದುಬಿತ್ತು, ಏಕೆಂದರೆ ಆ ಲೈಬ್ರರಿ ಅದೇ ಹೆಸರಿನ ತನ್ನದೇ ಸೌಲಭ್ಯವನ್ನು ಮೊದಲೇ ಸೇರಿಸಿಕೊಂಡಿತ್ತು. ಕೊನೆಗೆ ಹೆಸರು ‘ಫ್ಲಾಟ್’ ಆಯಿತು. ಯಾವ ಸಮಿತಿ ಎಷ್ಟು ಓದಿದರೂ ಇದು ಹೊಳೆಯುತ್ತಿರಲಿಲ್ಲ. ಜಾವಾಸ್ಕ್ರಿಪ್ಟ್ ಸಮಿತಿ ಇಂಥದ್ದಕ್ಕೆ ಸಿದ್ಧವಾಗಿಯೇ ತನ್ನ ಹಂತಗಳನ್ನು ಕಟ್ಟಿಕೊಂಡಿದೆ: ಪ್ರಸ್ತಾವದ ಪಠ್ಯ ಮೊದಲು ಬರಬೇಕು, ಆದರೆ ಎರಡು ಅಳವಡಿಕೆಗಳು ಸಾಮಾನ್ಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವವರೆಗೆ ಅದು ಕೊನೆಯ ಹಂತ ತಲುಪುವುದಿಲ್ಲ. ಜಾವಾ ಕೂಡ ಈಗ ಹೊಸ ಸೌಲಭ್ಯಗಳನ್ನು ಪೂರ್ಣ ಪಠ್ಯ ಮತ್ತು ಪೂರ್ಣ ಕೋಡ್ ಸಮೇತ ‘ಪ್ರಿವ್ಯೂ’ ಎಂದು ಹೊರಬಿಡುತ್ತದೆ. 21 ಮತ್ತು 22ನೇ ಆವೃತ್ತಿಗಳಲ್ಲಿ ಹಾಗೆ ಬಂದ ‘ಸ್ಟ್ರಿಂಗ್ ಟೆಂಪ್ಲೇಟ್’ (ಪಠ್ಯದ ನಡುವೆ ಬೆಲೆಗಳನ್ನು ತುಂಬುವ) ಸೌಲಭ್ಯವನ್ನು, ವಿನ್ಯಾಸ ಸಮಾಧಾನ ತಾರದ ಕಾರಣ, 2024ರಲ್ಲಿ ಬಂದ 23ನೇ ಆವೃತ್ತಿಯಿಂದ ಹಿಂದಕ್ಕೆ ಪಡೆದರು. ಓಡುತ್ತಿದ್ದ ಕೋಡನ್ನು ಹಿಂದಕ್ಕೆ ಪಡೆಯಲು ಸಾಧ್ಯವಾದದ್ದು, ಇದು ಕಾಯಂ ಅಲ್ಲ ಎಂಬ ಮಾತು ಮೊದಲ ದಿನದಿಂದಲೂ ಬರಹದಲ್ಲಿ ಇದ್ದುದರಿಂದ.

ಕೃತಕ ಬುದ್ಧಿಮತ್ತೆಯಿಂದ ಕೋಡ್ ಸುಲಭವಾಗಿರುವುದರಿಂದ ಬರಹ ಬೇಡವೆಂಬ ಮಾತಿಗೆ ಬಂದರೆ, ಅದರಿಂದ ಹೊರಡುವ ತೀರ್ಮಾನ ನನ್ನ ದೃಷ್ಟಿಯಲ್ಲಿ ತದ್ವಿರುದ್ಧ. ಹಿಂದೆ ಕಂಪೈಲರ್‌ಗೆ ಒಂದು ಮಾದರಿ ಅಳವಡಿಕೆ ಬರೆದು ತಂದವರು ತಿಂಗಳುಗಟ್ಟಲೆ ಆ ಸಮಸ್ಯೆಯೊಡನೆ ಬಾಳಿದ್ದಾರೆಂದು ನಂಬಬಹುದಿತ್ತು. ಆ ಕೋಡ್ ಅವರ ಯೋಚನೆಗೆ ಪುರಾವೆಯಾಗಿರುತ್ತಿತ್ತು. ಮಧ್ಯಾಹ್ನದೊಳಗೆ ತಯಾರಾಗುವ ಕೋಡ್ ಅಂಥ ಪುರಾವೆ ಆಗಲಾರದು. ಈ ಸೌಲಭ್ಯ ಭಾಷೆಯಲ್ಲಿ ಈಗಾಗಲೇ ಇರುವ ಬೇರೆ ಸೌಲಭ್ಯಗಳೊಡನೆ ಸೇರಿದಾಗ ಏನಾಗಬೇಕು, ಯಾವುದನ್ನು ಬೇಕೆಂದೇ ಬಿಟ್ಟಿದ್ದೀರಿ, ಯಾವ ಪರ್ಯಾಯವನ್ನು ಏಕೆ ತಿರಸ್ಕರಿಸಿದಿರಿ ಎಂಬ ಪ್ರಶ್ನೆಗಳಿಗೆ ಪ್ರಸ್ತಾಪಿಸಿದವರೇ ಉತ್ತರ ಬರೆದು, ಅದಕ್ಕೆ ಹೊಣೆಯಾಗಿ ನಿಲ್ಲಬೇಕು. ಯಂತ್ರದಿಂದ ಪ್ರಸ್ತಾವವನ್ನೂ ಬರೆಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಬರೆಸಲಿ, ಸಮಿತಿಯ ಮುಂದೆ ಕೂತು ಒಂದೊಂದು ವಾಕ್ಯವನ್ನೂ ಸಮರ್ಥಿಸಬೇಕಾದಾಗ ಅದರ ಬೆಲೆ ತಿಳಿಯುತ್ತದೆ.

ಕೊನೆಯದಾಗಿ ಒಂದು ಸಲಹೆ, ಇದು ಲೇಖಕರಿಗಿಂತ ಹೆಚ್ಚಾಗಿ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ. ಕಂಪೈಲರ್ ವಿಷಯದ ಪ್ರಯೋಗಾಲಯದಲ್ಲಿ ಇಂದಿಗೂ ಲೆಕ್ಸ್ ಮತ್ತು ಯಾಕ್ ಎಂಬ ಹಳೆಯ ಸಾಧನಗಳನ್ನು ಬಳಸಿ ಪುಟ್ಟ ಕ್ಯಾಲ್ಕ್ಯುಲೇಟರ್ ಬರೆಸುವುದೇ ರೂಢಿ. ಅದು ಇರಲಿ. ಅದರ ಜೊತೆಗೆ, ಪೈಥಾನ್, ರಸ್ಟ್ ಅಥವಾ ಜಾವಾಸ್ಕ್ರಿಪ್ಟ್‌ಗೆ ಬಂದಿರುವ, ಇನ್ನೂ ತೀರ್ಮಾನವಾಗದ ಒಂದು ಪ್ರಸ್ತಾವವನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಕೊಟ್ಟು, ಅದರಲ್ಲಿ ಎರಡು ಅರ್ಥಕ್ಕೆ ಎಡೆಯಿರುವ ಒಂದು ವಾಕ್ಯವನ್ನು ಹುಡುಕಿಸಿ, ಆ ಎರಡು ಅರ್ಥಗಳನ್ನು ಬೇರ್ಪಡಿಸುವ ಒಂದು ಪರೀಕ್ಷಾ ಪ್ರೋಗ್ರಾಮನ್ನು ಬರೆಸಬಹುದು. ಈ ಪ್ರಸ್ತಾವಗಳೆಲ್ಲ ಬಹಿರಂಗವಾಗಿವೆ, ಓದಲು ಯಾರ ಅನುಮತಿಯೂ ಬೇಕಿಲ್ಲ. ಹೆಸರುಗಳ ನಿಯಮಕ್ಕೆ ಸಂಬಂಧಿಸಿದ ಪ್ರಸ್ತಾವವಾದರೆ, ಒತ್ತಕ್ಷರ, ಅರ್ಕಾವತ್ತು, ಅನುಸ್ವಾರ ಇರುವ ಕನ್ನಡ ಪದಗಳನ್ನು ಆ ಪರೀಕ್ಷೆಗೆ ಸೇರಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳೇ ಮಾಡಬೇಕಾಗುತ್ತದೆ. ಬೇರೆ ಯಾರಿಗೂ ಅದು ನೆನಪಾಗುವ ಸಂಭವ ಕಡಿಮೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಂಪ್ಯೂಟರ್ ವಿಜ್ಞಾನ ಪ್ರಾಧ್ಯಾಪಕ, ಮೈಸೂರು